ಏಳನೇ ಡಾಲ್ಫಿನ್‌ಗೆ ನೆಗಡಿ

ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ 8.40ಕ್ಕೆ ಡಾ. ಫಿಲೊಮೆನ ಶ್ಕಾರ್ಪ ಊರುಗೋಲು ಊರಿಕೊಂಡು ಸ್ಮೋಕ್ವೆನ್ ದ್ವೀಪದ ಠಾಣೆಯ ಮೆಟ್ಟಿಲು ಹತ್ತಿದರು. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ತಿಂಗಳಾಗಿತ್ತಷ್ಟೇ. ಇನ್‌ಸ್ಪೆಕ್ಟರ್ ವಿಂಕೊ ಬೆಲೂಶಿಚ್ ಕಾಫಿ ಲೋಟ ಕೆಳಗಿಟ್ಟ. ಆ ಠಾಣೆಯಲ್ಲಿ ಹಿಂದಿನ ಎಫ್‌ಐಆರ್ ದಾಖಲಾಗಿದ್ದು ಮಾರ್ಚ್‌ನಲ್ಲಿ, ಅದೂ ಒಂದು ಮೇಕೆಯ ವಿರುದ್ಧ.

“ನನ್ನ ಡಾಲ್ಫಿನ್‌ಗಳಿಗೆ ನೆಗಡಿಯಾಗಿದೆಯಂತೆ,” ಎಂದರು ಡಾಕ್ಟರು.

“ಅಯ್ಯೋ ಪಾಪ. ಏನಾದ್ರೂ ಬಿಸಿಬಿಸಿ ಕುಡಿಸಿ.”

“ಮನುಷ್ಯರ ನೆಗಡಿ ಕಣಯ್ಯಾ! ಮೊದ್ಲು ದೂರು ಬರ್ಕೋ.”

ವಿಷಯ ಇಷ್ಟು. ದಕ್ಷಿಣ ಕರಾವಳಿಯಲ್ಲಿ ದಡಾರದ ಜಾತಿಯ ಒಂದು ವೈರಾಣು ಡಾಲ್ಫಿನ್‌ಗಳ ಶ್ವಾಸಕೋಶಕ್ಕಿಳಿದು ಕೊಲ್ಲುತ್ತಿತ್ತು. ಅದು ಉತ್ತರಕ್ಕೂ ಬಂತೇ ಎಂದು ಕಾವಲು ಕಾಯುತ್ತಿದ್ದವರು ಈ ಡಾಕ್ಟರು. ಸ್ಮೋಕ್ವೆನ್ ಕೊಲ್ಲಿಯ ಹದಿನಾಲ್ಕು ಡಾಲ್ಫಿನ್‌ಗಳಿಗೆ ನಂಬರು ಕೊಟ್ಟು, ಹತ್ತೊಂಬತ್ತು ವರ್ಷದಿಂದ ಅವುಗಳ ಉಸಿರು ಹಿಡಿಯುತ್ತಿದ್ದರು. ಡಾಲ್ಫಿನ್ ಮೇಲೆದ್ದು ನೆತ್ತಿಯ ತೂತಿನಿಂದ ಬುಸ್ಸೆಂದಾಗ ಉದ್ದ ಕೋಲಿನ ತುದಿಯ ಗಾಜಿನ ತಟ್ಟೆಯನ್ನು ಅಡ್ಡ ಹಿಡಿಯಬೇಕು. ಮುಚ್ಚಳ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಬೇಕು. ಅಕ್ಟೋಬರ್ 8ರ ಚೀಟಿ ಅಂಟಿಸಿದ್ದ ಆರು ತಟ್ಟೆಗಳಲ್ಲೂ ಸಿಕ್ಕಿದ್ದು ಮನುಷ್ಯರ ನೆಗಡಿಯ ವೈರಾಣು. ಮುಚ್ಚಳ ತೆಗೆದರೆ ಬೆಳ್ಳುಳ್ಳಿ ವಾಸನೆ ಬೇರೆ. ‘ನಿಮ್ಮ ಡಾಲ್ಫಿನ್‌ಗಳು ಬಸ್ಸಿನಲ್ಲಿ ಓಡಾಡುತ್ತವೆಯೇ?’ ಎಂದು ವರದಿಯ ಕೊನೆಯಲ್ಲಿ ಯಾರೋ ಪುಣ್ಯಾತ್ಮ ಗೀಚಿದ್ದ.

“ಶುಕ್ರವಾರ ಮಧ್ಯಾಹ್ನದೊಳಗೆ ಕಾರಣ ಹೇಳದಿದ್ರೆ ಮೋಸ ಮಾಡಿದ್ದು ನಾನೇ ಅಂತ ಪ್ರಯೋಗಾಲಯದವರ ತೀರ್ಮಾನ. ಹತ್ತೊಂಬತ್ತು ವರ್ಷ ನೀರಲ್ಲಿ ಹೋಮ.” ಡಾಕ್ಟರು ವರದಿಯನ್ನು ಮೇಜಿನ ಮೇಲೆ ಕುಕ್ಕಿದರು. ಬೆಲೂಶಿಚ್‌ನ ನಗು ಅಲ್ಲಿಗೇ ನಿಂತಿತು.

9.15ಕ್ಕೆ ಎಫ್‌ಐಆರ್ ಆಯಿತು. ಡಾಕ್ಟರು ಮನೆ ಹಿಡಿದ ಮೇಲೆ ಪೆಟ್ಟಿಗೆ ಮುಟ್ಟಿದವರು ಮೂವರೇ: ಅವರ ಬದಲು ಉಸಿರು ಹಿಡಿಯಲು ಹೋಗುತ್ತಿದ್ದ ದೋಣಿಯವ, ಅಂದರೆ ಅರವತ್ತೇಳರ ಬ್ರಹ್ಮಚಾರಿ ಪ್ಯೆರೊ; ತನ್ನ ಐಸ್‌ಕ್ರೀಂ ಫ್ರಿಜ್ಜಿನಲ್ಲಿ ಅದಕ್ಕೆ ಜಾಗ ಕೊಟ್ಟ ಕಾಫಿ ಅಂಗಡಿಯ ತೆರೇಜ; ಅದನ್ನು ಹಡಗಿಗೆ ಹತ್ತಿಸಿದ ಬಂದರಿನ ಗುಮಾಸ್ತ ಗರ್ಗೊ.

ಯಾರಿಗೆ ನೆಗಡಿಯಾಗಿತ್ತು ಎಂದು ಕೇಳಿಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಸ್ಮೋಕ್ವೆನ್‌ನಲ್ಲಿ ಅದು ಅಷ್ಟು ಸಲೀಸಲ್ಲ. ಅಲ್ಲಿ ನೆಗಡಿ ಬರುವುದು ಎದುರುಬದುರು ತೆರೆದ ಕಿಟಕಿಗಳ ನಡುವೆ ಕೂರುವ ಮೂರ್ಖರಿಗೆ, ಉಣ್ಣೆ ಬನಿಯನ್ ಹಾಕದ ಉಂಡಾಡಿಗಳಿಗೆ. ಆ ಜನ ಕಳ್ಳತನವನ್ನಾದರೂ ಒಪ್ಪಿಕೊಂಡಾರು, ನೆಗಡಿಯನ್ನು ಒಪ್ಪಿಕೊಳ್ಳುವವರಲ್ಲ.

“ಕಳೆದ ವಾರ ನೆಗಡಿಯಾಗಿತ್ತಾ ತೆರೇಜಕ್ಕ?” ಎಂದು ಕೇಳಿದಳು ಕಾನ್‌ಸ್ಟೆಬಲ್ ಜೋರ್ಕ.

“ನಮ್ಮಮ್ಮ ನನ್ನನ್ನ ಹಾಗೆ ಬೆಳೆಸಿಲ್ಲ,” ಎಂದಳು ತೆರೇಜ.

ಗರ್ಗೊ ಅಂಗಿ ಎತ್ತಿ ಬನಿಯನ್ ತೋರಿಸಿದ. ಉಣ್ಣೆಯದೇ. ಅದೂ ಹೇಳಿಕೆಯಲ್ಲಿ ದಾಖಲಾಯಿತು.

ಬುಧವಾರ 10.30ಕ್ಕೆ ದೋಣಿಯ ಪಂಚನಾಮೆ. ಪಂಚರಾಗಿ ಊರಿನ ಪಾದ್ರಿ ಮತ್ತು ಕ್ಷೌರಿಕ. ಉಸಿರು ಹಿಡಿಯುವ ಕೋಲು ಮೂಲೆಯಲ್ಲಿ ಸಿಕ್ಕಿತು. ಅದರ ತುದಿಯಿಂದ ಹಲಗೆಯವರೆಗೆ ಜೇಡ ಪುರುಸೊತ್ತಾಗಿ ಬಲೆ ನೇಯ್ದಿತ್ತು. ಬಲೆಯಲ್ಲಿ ಒಣಗಿದ ನೊಣಗಳು ಒಂಬತ್ತು ಎಂದ ಕ್ಷೌರಿಕ. ಪಾದ್ರಿಗಳು ಹನ್ನೊಂದು ಎಂದರು. ಜಗಳ ಬೇಡವೆಂದು ಎರಡನ್ನೂ ಬರೆದುಕೊಂಡರು.

11.50ಕ್ಕೆ ಬಂದರಿನ ದಫ್ತರ ತೆಗೆಸಿದರು. ಅಕ್ಟೋಬರ್ 7ರಿಂದ 9ರವರೆಗೆ ಬೂರ ಎಂಬ ಬಿರುಗಾಳಿ. ಹಡಗೂ ಹೊರಟಿಲ್ಲ, ದೋಣಿಯೂ ಹೊರಟಿಲ್ಲ.

“ಅಂದ್ರೆ ಎಂಟನೇ ತಾರೀಖು ಯಾರೂ ಸಮುದ್ರಕ್ಕೆ ಹೋಗಿಲ್ಲ ಸಾರ್,” ಎಂದಳು ಜೋರ್ಕ.

“ಉಸಿರು ಮಾತ್ರ ಬಂದಿದೆ,” ಎಂದ ಬೆಲೂಶಿಚ್.

ಗುರುವಾರ ಮಧ್ಯಾಹ್ನ 3ಕ್ಕೆ ಪ್ಯೆರೊ ಠಾಣೆಯ ಬೆಂಚಿನ ಮೇಲಿದ್ದ.

“ಎಂಟನೇ ತಾರೀಖು ಎಲ್ಲಿದ್ರಿ ಮಾವ?” ಎಂದು ಕೇಳಿದ ಬೆಲೂಶಿಚ್.

“ದೋಣೀಲಿ.”

“ಬೂರ ಬೀಸ್ತಿತ್ತು.”

“ಏನೋ ಸ್ವಲ್ಪ.”

“ತೆರೇಜಕ್ಕನ ಕುರ್ಚಿಗಳು ಪಕ್ಕದ ದ್ವೀಪದಲ್ಲಿ ಸಿಕ್ಕಿವೆ.”

“ಪ್ಲಾಸ್ಟಿಕ್ ಕುರ್ಚಿ ಕಣೋ, ಹಾರ್ತಾವೆ.”

“ನೆಗಡಿಯಾಗಿತ್ತಾ?”

“ನನಗಾ? ಈ ಜನ್ಮದಲ್ಲಿ ಆಗಿಲ್ಲ.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಪ್ಯೆರೊ ಮೂಗು ಒರೆಸಿಕೊಂಡ.

ಬೆಲೂಶಿಚ್ ಎದ್ದು ಎದುರುಬದುರಿನ ಎರಡೂ ಕಿಟಕಿ ತೆರೆದ. ಗಾಳಿ ಸುಯ್ಯೆಂದು ನುಗ್ಗಿತು.

“ಸಾರ್, ಇದು ಚಿತ್ರಹಿಂಸೆ,” ಎಂದು ಜೋರ್ಕ ಕತ್ತಿನ ಗುಂಡಿ ಹಾಕಿಕೊಂಡಳು.

3.12ಕ್ಕೆ ಆರೋಪಿ ಸೀನತೊಡಗಿದ. ಒಟ್ಟು ಹನ್ನೆರಡು. ಜೋರ್ಕ ಎಣಿಸಿ ಬರೆದಳು.

“ಧೂಳು,” ಎಂದ ಪ್ಯೆರೊ.

“ಮಾವ, ನಾಳೆ ಮಧ್ಯಾಹ್ನ ಡಾಕ್ಟರಮ್ಮನ ಹೆಸರಿಗೆ ಮಸಿ ಬಳೀತಾರೆ. ತಟ್ಟೆ ಕೆಡಿಸಿದ್ದು ಅವರೇ ಅಂತ.”

ಪ್ಯೆರೊ ಬೆಂಚಿನಿಂದ ಎದ್ದುಬಿಟ್ಟ. ಈ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. “ಅವರ ಹೆಸರು ಯಾಕೋ? ಊದಿದ್ದು ನಾನು! ಬರ್ಕೋ. ಆರಕ್ಕೆ ಆರೂ ನಾನೇ ಊದಿದ್ದು.”

ಅವನ ಹೇಳಿಕೆಯ ಸಾರ ಹೀಗಿತ್ತು. ಸೆಪ್ಟೆಂಬರ್ 21ರಿಂದ ಕೊಲ್ಲಿಯಲ್ಲಿ ಒಂದು ಡಾಲ್ಫಿನ್ನೂ ಕಂಡಿರಲಿಲ್ಲ. ಎರಡು ವಾರ ಖಾಲಿ ತಟ್ಟೆಗಳನ್ನೇ ಮುಚ್ಚಿ ಕಳಿಸಿದ್ದ. ಪ್ರಯೋಗಾಲಯದವರು ಗೊಣಗಿದರು. ಡಾಕ್ಟರು ‘ತಟ್ಟೆಯನ್ನು ಮೂಗಿಗೆ ಇನ್ನೂ ಹತ್ತಿರ ಹಿಡಿ’ ಎಂದು ಬೈದರು.

“ನನಗೆ ಹತ್ತಿರ ಇದ್ದಿದ್ದು ನನ್ನ ಮೂಗೇ,” ಎಂದ ಪ್ಯೆರೊ.

“ಡಾಲ್ಫಿನ್ ಇಲ್ಲ ಅಂತ ಹೇಳ್ಬಹುದಿತ್ತಲ್ಲ?”

“ಹೇಗೆ ಹೇಳ್ಲಿ? ದಕ್ಷಿಣದಲ್ಲಿ ಕಾಣೆಯಾದವು ಹೆಣವಾಗಿ ಸಿಕ್ಕವು. ಡಾಕ್ಟರಮ್ಮ ಕಾಲು ಚಾಚ್ಕೊಂಡು ಕಿಟಕಿ ಹತ್ರ ಕೂತಿರ್ತಾರೆ. ದಿನಾ ಸಂಜೆ ಒಂದೇ ಪ್ರಶ್ನೆ, ಏಳನೇದು ಉಸಿರಾಡ್ತಿದೆಯಾ ಪ್ಯೆರೊ ಅಂತ. ಅದು ಹುಟ್ಟಿದ ದಿನ ನಾವಿಬ್ರೂ ದೋಣೀಲೇ ಇದ್ವಿ. ಉಸಿರಾಡ್ತಿದೆ ಅಂದ್ಬಿಟ್ಟೆ. ಅಂದ್ಮೇಲೆ ಯಾರಾದ್ರೂ ಉಸಿರಾಡ್ಬೇಕಲ್ಲ.”

ಜೋರ್ಕಳ ಪೆನ್ನು ನಿಂತಿತು. ಬೆಲೂಶಿಚ್‌ಗೆ ಈ ಮುದುಕನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಫೋನಿನಲ್ಲಿ ಸುದ್ದಿ ಕೇಳಿ 4.05ಕ್ಕೆ ಡಾಕ್ಟರು ಬಂದರು. ಸಿಟ್ಟನ್ನೆಲ್ಲ ಅವರೇ ತಂದಿದ್ದರು.

“ಇಪ್ಪತ್ತೈದು ದಿನ! ಹುಡುಕ್ಬೇಕಿತ್ತಲ್ಲೋ ಗೂಬೆ! ಕಾಯಿಲೆ ಬಂದಿದ್ರೆ ಉಳಿದ ಊರುಗಳಿಗೆ ಹೇಳೋರ್ಯಾರು?”

ಅಷ್ಟರಲ್ಲಿ ಜೋರ್ಕ ಪಕ್ಕದ ದ್ವೀಪದ ಠಾಣೆಗೆ ಫೋನ್ ಹಚ್ಚಿದ್ದಳು. “ಹದಿನಾಲ್ಕು ಇವೆಯಂತೆ ಸಾರ್. ಮೂರು ವಾರದಿಂದ ಅಲ್ಲಿಯವರ ಬಲೆ ಹರಿದು ಮೀನು ತಿಂತಿವೆಯಂತೆ. ನಿಮ್ಮವಾದ್ರೆ ಬಂದು ಎಳ್ಕೊಂಡು ಹೋಗಿ ಅಂತಿದಾರೆ.”

“ಬೆನ್ನಿನ ರೆಕ್ಕೆ ಹರಿದಿರೋದು ಒಂದಿದೆಯಾ ಕೇಳು. ಅದೇ ಏಳನೇದು,” ಎಂದರು ಡಾಕ್ಟರು.

“ಇದೆಯಂತೆ. ಅದೇ ಎಲ್ಲಕ್ಕಿಂತ ದೊಡ್ಡ ಕಳ್ಳಿಯಂತೆ.”

ಡಾಕ್ಟರು ಬೆಂಚಿನ ಮೇಲೆ ಕುಸಿದು ಗಟ್ಟಿಯಾಗಿ ಅತ್ತರು. ಅತ್ತು ಮುಗಿದ ಮೇಲೆ ತಮ್ಮ ಶಾಲು ತೆಗೆದು ಪ್ಯೆರೊನ ಕತ್ತಿಗೆ ಸುತ್ತಿದರು. “ಬನಿಯನ್ ಹಾಕಿಲ್ಲ ತಾನೇ? ನಂಗೊತ್ತಿತ್ತು.”

4.40ಕ್ಕೆ ಸುಳ್ಳು ಮಾದರಿ ಸೃಷ್ಟಿಸಿದ ಆರೋಪದ ಮೇಲೆ ಪ್ಯೆರೊನನ್ನು ಬಂಧಿಸಲಾಯಿತು. ಕೋಳ ಹಾಕಲಿಲ್ಲ, ಕರವಸ್ತ್ರಕ್ಕೆ ಎರಡೂ ಕೈ ಬೇಕಿತ್ತು. ತಪ್ಪೊಪ್ಪಿಗೆಯ ಪ್ರತಿ ಐದು ಗಂಟೆಗೇ ಪಟ್ಟಣಕ್ಕೆ ಹೋಯಿತು. ಜಾಮೀನಿಗೆ ಡಾಕ್ಟರೇ ಸಹಿ ಹಾಕಿದರು. ಶನಿವಾರ ದೋಣಿ ಬೇಕೆಂದೂ, ದಾರಿಯಲ್ಲಿ ಅವನ ಜೊತೆ ಒಂದು ಮಾತೂ ಆಡುವುದಿಲ್ಲವೆಂದೂ ತಿಳಿಸಿ, ಮೆಟ್ಟಿಲು ಇಳಿಯುವಾಗಲೇ ಬೈಯಲು ಶುರುಮಾಡಿದರು.

“ಸಾರ್, ಫಾರಂನಲ್ಲಿ ಅಪರಾಧದ ಉದ್ದೇಶ ಅಂತಿದೆ. ಹಣ, ದ್ವೇಷ, ಇತರೆ. ಯಾವುದಕ್ಕೆ ಗುರುತು ಹಾಕ್ಲಿ?” ಎಂದಳು ಜೋರ್ಕ.

ಬೆಲೂಶಿಚ್ ಕಾಗದ ಇಸಿದುಕೊಂಡು ‘ಇತರೆ’ಗೆ ಗುರುತು ಹಾಕಿದ. ಪಕ್ಕದ ಚೂರು ಜಾಗದಲ್ಲಿ ಒತ್ತೊತ್ತಾಗಿ ಬರೆದ: ‘ಬದುಕಿದೆಯೇ ಎಂದು ದಿನವೂ ಕೇಳುವವರಿಗೆ ಗೊತ್ತಿಲ್ಲ ಎನ್ನುವ ಧೈರ್ಯ ಆರೋಪಿಗೆ ಸಾಲಲಿಲ್ಲ.’