ಬೆಂಕಿ ಮೇಷ್ಟ್ರು ಬೇಡ ಅಂದ ದಿನ

ಬೆಂಕಿ ಹಚ್ಚುವ ಮೊದಲು ತಂಡದ ಎಂಟೂ ಜನ ಸುತ್ತ ನಿಂತು ಒಬ್ಬೊಬ್ಬರಾಗಿ ‘ಸರಿ’ ಅನ್ನಬೇಕು. ಒಬ್ಬರು ‘ಬೇಡ’ ಅಂದರೂ ಅವತ್ತಿನ ಕೆಲಸ ರದ್ದು. ಕಾರಣ ಯಾರೂ ಕೇಳುವಂತಿಲ್ಲ. ಹುಲ್ಲುಗಾವಲನ್ನು ಹದವಾಗಿ ಸುಟ್ಟು, ಅಲ್ಲಿನ ಮೂಲ ಗಿಡಗಳನ್ನು ಮರಳಿ ತರುವ ಆ ತಂಡಕ್ಕೆ ಈ ಕಟ್ಟಳೆ ಮಾಡಿದವನು ಅದರ ಮುಖ್ಯಸ್ಥ. ಮೂವತ್ತನಾಲ್ಕು ವರ್ಷಕ್ಕೇ ಮುಖ ಗಂಟಿಕ್ಕಿಕೊಂಡು ಓಡಾಡುವವನಾದ್ದರಿಂದ ಎಲ್ಲರ ಬಾಯಲ್ಲೂ ಬೆಂಕಿ ಮೇಷ್ಟ್ರು.

ತಂಡದಲ್ಲಿ ಬೀಜಗಳ ಹೊಣೆ ಹೊತ್ತಿದ್ದ ಬೀಜದ ಮೇಡಂಗೆ ಅವತ್ತು ಎರಡು ಚಿಂತೆ. ಮೂರು ವರ್ಷದಿಂದ ಅವಳು ಜೋಪಾನ ಮಾಡಿದ್ದ ಬೀಜಗಳು ಆ ಮಣ್ಣಿನಲ್ಲಿದ್ದವು. ಹೊಗೆ ತಾಗದೆ ಕಣ್ಣೇ ಬಿಡದ ಮೊಂಡ ಜಾತಿ. ಮಳೆಗೆ ಮುಂಚೆ ಸುಡಲೇಬೇಕು. ಸುಟ್ಟರೆ ಬೆಂಕಿ ಮೇಷ್ಟ್ರ ಕೆಲಸ ಮುಗಿಯಿತು, ಸಂಜೆಯ ರೈಲಿಗೆ ಬೇರೆ ಊರಿನ ಕಾಡಿಗೆ ಹೊರಡುತ್ತಾನೆ. “ಮನಸ್ಸಲ್ಲಿರೋದನ್ನ ಹೇಳದೆ ಅವನನ್ನ ಕಳಿಸಿದ್ರೆ ನನ್ನ ಮನೆ ಬಾಗಿಲಿಗೆ ಬರಬೇಡ,” ಎಂದು ಬೆಳಿಗ್ಗೆ ಫೋನಿನಲ್ಲಿ ಅಕ್ಕ ಗದರಿಸಿದ್ದಳು. ಅಕ್ಕನಿಗೇನು, ಹೇಳುವುದು ಸುಲಭ.

‘ಬೇಡ’ ಅಂದುಬಿಡಲೇ? ಇನ್ನೊಂದು ದಿನವಾದರೂ ಸಿಗುತ್ತದೆ. ಆ ಯೋಚನೆಗೆ ಅವಳಿಗೇ ನಾಚಿಕೆಯಾಯಿತು.

“ಗಾಳಿ?” ಅವನು ಕೇಳಿದ. ಅವಳ ಕೈಯಲ್ಲಿದ್ದ ಗಾಳಿ ಮೀಟರಿನ ಮೇಲಿರಬೇಕಾದ ಕಣ್ಣು ಅವಳ ಮುಖದ ಮೇಲಿತ್ತು.

“ಗಂಟೆಗೆ ಒಂಬತ್ತು ಕಿಲೋಮೀಟರ್. ದಿಕ್ಕು ಬದಲಾಗಿಲ್ಲ.”

ನೀರಿನ ಟ್ಯಾಂಕರ್ ಡ್ರೈವರ್ “ಸರಿ” ಅಂದ. ಸರದಿ ಅವಳಿಗೆ ಬಂತು. ಕಣ್ಣೊರೆಸಿಕೊಂಡು “ಸರಿ” ಅಂದಳು. ಕೊನೆಗೆ ಅವನೊಬ್ಬನೇ ಉಳಿದ. ಕೈಯಲ್ಲಿದ್ದ ಬೆಂಕಿ ಸುರಿಯುವ ಡಬ್ಬಿಯನ್ನು ಕೆಳಗಿಟ್ಟ.

“ಬೇಡ.”

ಡ್ರೈವರ್ ಪೈಪು ಸುತ್ತುತ್ತಾ ಗೊಣಗಿದ, “ಇಂಥ ಗಾಳಿ ಇನ್ನೊಂದ್ಸಲ ಸಿಗುತ್ತಾ? ಕೇಳೋ ಹಾಗೂ ಇಲ್ಲ.”

ಅವಳು ಶೆಡ್ಡಿನವರೆಗೆ ಅವನ ಹಿಂದೆಯೇ ಹೋದಳು. ಮೈಯೆಲ್ಲ ಉರಿಯುತ್ತಿತ್ತು.

“ನಿಮ್ಮ ಕಟ್ಟಳೆ ಮುರೀತಿದ್ದೀನಿ. ಯಾಕೆ ಬೇಡ ಅಂದ್ರಿ? ಶನಿವಾರ ಮಳೆ ಅಂತಿದ್ದಾರೆ. ಅಷ್ಟರೊಳಗೆ ಸುಡದಿದ್ರೆ ನನ್ನ ಮೂರು ವರ್ಷ ಮಣ್ಣುಪಾಲಾಗುತ್ತೆ.”

ಅವನು ಕೈಗವಸು ಬಿಚ್ಚಿ ಬೆಂಚಿನ ಮೇಲಿಟ್ಟ.

“ನೀವು ಗಾಳಿ ಎಷ್ಟು ಅಂದ್ರೋ, ನನ್ನ ಕಿವಿಗೆ ಬೀಳಲೇ ಇಲ್ಲ. ನಿಮ್ಮ ಕಣ್ಣಲ್ಲಿ ನೀರು ಯಾಕೆ ಅಂತ ನೋಡ್ತಾ ನಿಂತಿದ್ದೆ. ಇಂಥ ತಲೆ ಇಟ್ಕೊಂಡು ಬೆಂಕಿ ಹಚ್ಚೋದಾ? ಎಂಟು ಜನರ ಜೀವ.”

“ಅಷ್ಟೇನಾ?”

“ಅಷ್ಟೇ ಅಲ್ಲ. ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಎರಡು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೆ.”

ಅವಳ ಕೋಪ ಎಲ್ಲಿ ಹೋಯಿತೋ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಅಳುವೂ ಬಂತು, ನಗುವೂ ಬಂತು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಾಳೆ ಬೆಳಿಗ್ಗೆನೂ ಗಾಳಿ ಹತ್ತರ ಒಳಗೇ ಇರುತ್ತಂತೆ. ನಾಳೆ ಸುಡು,” ಅಂದಳು.

“ಆಮೇಲೆ?”

“ಆಮೇಲೆ ರೈಲು ಹತ್ತು. ಮೊಳಕೆ ಎಣಿಸೋಕೆ ನನಗೆ ಎರಡು ತಿಂಗಳು ಬೇಕು. ಅದು ಮುಗಿದ ದಿನ ನಾನೂ ಅದೇ ರೈಲು ಹತ್ತೋದು.”

“ಎರಡು ತಿಂಗಳು ಜಾಸ್ತಿ ಆಯ್ತು.”

“ಅದನ್ನ ಬೀಜಕ್ಕೆ ಹೇಳು,” ಅಂದಳು, ಕೈ ಬಿಡದೆ.