ಪದ್ಯವಿಲ್ಲದೆ ತಿರುಗಿದ ಲೇತ್

"ಈ ಗಾಡಿ ಇನ್ನು ಯಾವತ್ತಾದ್ರೂ ಇಲ್ಲಿಂದ ಹೊರಗೆ ಹೋಗುತ್ತಾ?"

ಅವನು ಯಾರನ್ನೂ ಕೇಳಿರಲಿಲ್ಲ. ಬಾನೆಟ್ ತೆರೆದ ತನ್ನ ಜೀಪಿನ ಮುಂದೆ ನಿಂತು, ಇಂಜಿನ್ ಕಳಚಿದ ಮೇಲೆ ಉಳಿದ ಕಪ್ಪು ಹೊಂಡವನ್ನು ನೋಡುತ್ತಾ ತನ್ನಷ್ಟಕ್ಕೆ ಅಂದುಕೊಂಡಿದ್ದ.

ಜೀಪಿನ ಕೆಳಗೆ ಅಂಗಾತ ಮಲಗಿ ಗೇರ್‌ಬಾಕ್ಸಿನ ಅಳತೆ ತೆಗೆಯುತ್ತಿದ್ದವಳ ಕೈ ಅಲ್ಲೇ ನಿಂತಿತು. ಎಷ್ಟು ವರ್ಷಗಳಿಂದ ಅವಳು ತನ್ನೊಳಗೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು... ಇವತ್ತು ಯಾರದೋ ಬಾಯಲ್ಲಿ ಬಂದಿತ್ತು.

"ಗಾಡಿ ಹೋಗುತ್ತೆ," ಎಂದಳು ಕೆಳಗಿನಿಂದಲೇ.

ಅವನು ಬೆಚ್ಚಿ ಬಗ್ಗಿ ನೋಡಿದ. ತಲೆಕೆಳಗಾಗಿ ಕಂಡ ಮುಖ. ಕೆನ್ನೆಯ ಮೇಲೆ ಗ್ರೀಸು, ಹಲ್ಲಿನಲ್ಲಿ ಕಚ್ಚಿದ ಪೆನ್ಸಿಲು, ನಗದ ಕಣ್ಣು.

"ಹಾಗಾದ್ರೆ ಹೋಗದೆ ಇರೋದು ಯಾವುದು?"

ತಮಾಷೆಗೆ ಕೇಳಿದ್ದ. ಅವಳು ಪೆನ್ಸಿಲು ತೆಗೆದು ಅಳತೆ ಬರೆದುಕೊಂಡಳು.

ಅವಳು ಅಣ್ಣ ಅತ್ತಿಗೆಯ ಜೊತೆ ಇದ್ದ ಮನೆಗೆ ಒಂದೇ ದಾರಿ. ಬೀದಿಗೆ ಶಟರು, ಶಟರಿನ ಹಿಂದೆ ಗ್ಯಾರೇಜು, ಗ್ಯಾರೇಜಿನ ಬೆನ್ನಿಗೆ ಅಡುಗೆಮನೆ. ಇಂಜಿನ್ ಎತ್ತುವ ಸರಪಳಿ ರಾಟೆ ತೂಗುತ್ತಿದ್ದದ್ದು ನಡುವಿನ ಓಣಿಯಂಥ ಜಾಗದ ತೊಲೆಗೆ. ಹಾಗಾಗಿ ಇಂಜಿನ್ ಕಳಚಿದ ಗಾಡಿ ಅಲ್ಲೇ ನಿಲ್ಲಬೇಕು. ಅದು ನಿಂತಷ್ಟು ದಿನ ಮನೆಯವರು ಗೋಡೆಗೆ ಬೆನ್ನು ಸವರಿಕೊಂಡು ಅಡ್ಡಡ್ಡ ನಡೆಯಬೇಕು. ತರಕಾರಿ ಚೀಲವನ್ನು ತಲೆಯ ಮೇಲೆತ್ತಿ ದಾಟುವಾಗಲೆಲ್ಲ ಅತ್ತಿಗೆ, ತನ್ನನ್ನು ತೆಳ್ಳಗೆ ಮಾಡಲು ಗಂಡ ಹೂಡಿದ ಉಪಾಯವಿದು ಎಂದು ಗೊಣಗುತ್ತಿದ್ದಳು.

ಜೀಪಿನವನು ಜೇನು ಸಾಕುವವನು. ಹೂ ಬಿಟ್ಟ ಕಡೆಗೆಲ್ಲ ಪೆಟ್ಟಿಗೆ ಹೊತ್ತು ಹೋಗುವ ಬದುಕು. ಬೆಟ್ಟದ ಮೇಲಿನ ಇಳಿಜಾರಿಗೆ ಹೋಗಬೇಕಾದರೆ ಹೊಳೆಯಲ್ಲಿ ಗಾಡಿ ಇಳಿಸಬೇಕು. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ನೀರು ತಾಗಿದರೆ ಕಿಡಿ ಸಾಯುತ್ತದೆ. ಹೊಳೆಯ ನಡುವೆ, ಹಿಂದೆ ಜೇನುಪೆಟ್ಟಿಗೆ ಇಟ್ಟುಕೊಂಡು, ಅವನು ಎಷ್ಟೋ ಸಲ ಹಾಗೆ ಸಿಕ್ಕಿಬಿದ್ದಿದ್ದ. ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ. ಹಳೆಯ ವ್ಯಾನೊಂದರ ಡೀಸೆಲ್ ಇಂಜಿನ್ ಕೊಂಡು ತಂದು, ಇದನ್ನು ಕೂರಿಸಿಕೊಡಿ ಎಂದಿದ್ದ.

ಕೂರಿಸುವುದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ವ್ಯಾನಿನ ಇಂಜಿನ್ನಿಗೂ ಜೀಪಿನ ಗೇರ್‌ಬಾಕ್ಸಿಗೂ ಮುಖ ಕೂಡುವುದಿಲ್ಲ. ನಡುವೆ ಒಂದು ದಪ್ಪ ಉಕ್ಕಿನ ಪ್ಲೇಟು ಬೇಕು. ಒಂದು ಬದಿಯ ತೂತುಗಳು ಇದಕ್ಕೆ, ಇನ್ನೊಂದು ಬದಿಯವು ಅದಕ್ಕೆ. ನಡುವಿನ ವೃತ್ತ ಕೂದಲೆಳೆಯಷ್ಟು ಸರಿದರೂ ಒಳಗೆ ತಿರುಗುವ ಶಾಫ್ಟು ತನ್ನನ್ನು ತಾನೇ ತಿಂದುಕೊಳ್ಳುತ್ತದೆ.

ಅಂಥ ಪ್ಲೇಟು ಮಾಡುವುದನ್ನು ಅವಳ ಕೈಗೆ ಕಲಿಸಿಕೊಟ್ಟವನು ತೀರಿಹೋದ ಅಪ್ಪ. ಉಕ್ಕು ಕೊರೆಯುವ ಲೇತಿನ ಮುಂದೆ ನಿಂತಾಗ ಅವನು ದೇವರ ಪದ್ಯ ಹೇಳುತ್ತಿದ್ದ. ಪದ್ಯಕ್ಕೆ ಅವಸರವಿಲ್ಲ ಮಗಳೇ, ಸಾಲು ನಡೆದ ಹಾಗೆ ಹಿಡಿ ತಿರುಗಿಸು, ಉಳಿ ತಾನಾಗಿ ಸಮ ಕೊರೆಯುತ್ತದೆ ಎನ್ನುತ್ತಿದ್ದ. ಇವಳೂ ಹಾಗೇ. ಲೇತಿನ ಗುಂಯ್‌ಗುಡುವ ಸದ್ದಿನ ಕೆಳಗೆ ಅವಳ ಪದ್ಯ ಸಣ್ಣಗೆ ಹರಿಯುತ್ತಿತ್ತು, ಕಾಲಡಿಯಲ್ಲಿ ಉಕ್ಕಿನ ಸುರುಳಿಗಳು ಬೀಳುತ್ತಿದ್ದವು.

"ನಿಮ್ಮ ಮಿಷನ್ನು ಹಾಡುತ್ತಾ ಮೇಸ್ತ್ರಿಗಳೇ?" ಎಂದು ಜೇನಿನವನು ಕೊರೆತ ಶುರುವಾದ ಮೊದಲ ದಿನವೇ ಕೇಳಿದ್ದ. ಮೇಸ್ತ್ರಿ ಎಂದು ಅವಳನ್ನು ಕರೆದ ಮೊದಲ ಮನುಷ್ಯ ಅವನು. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದದ್ದು ಅಣ್ಣನನ್ನು.

ಅಣ್ಣನ ಬಲಗೈ ಯಾವಾಗಲೂ ಜೇಬಿನಲ್ಲಿರುತ್ತಿತ್ತು. ಹಿಂದೊಮ್ಮೆ ಇಂಜಿನ್ ಇಳಿಸುವಾಗ ಸರಪಳಿ ಹಿಡಿದವಳು ಇವಳು, ಕೆಳಗೆ ಕೈಕೊಟ್ಟು ದಾರಿ ತೋರಿಸುತ್ತಿದ್ದವನು ಅವನು. ಸರಪಳಿ ಜಾರಿತು... ಬೆರಳುಗಳು ಮತ್ತೆ ಮಡಚಲಿಲ್ಲ. ಅಣ್ಣ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವಳು ಎಂದೋ ಅತ್ತು ಹಗುರಾಗುತ್ತಿದ್ದಳು. ಅವನು ಕೆಲಸ ತರುತ್ತಿದ್ದ, ಇದೊಂದು ಮುಗಿಸಿಕೊಡು ಪುಟ್ಟಿ ಎನ್ನುತ್ತಿದ್ದ. ಗಂಡಿನ ಕಡೆಯವರು ಬಂದಾಗ ಅವರಿಗೆ ಕಾಫಿ ಕುಡಿಸಿ, ನಯವಾಗಿ ಮಾತಾಡಿ, ಬಂದ ದಾರಿಯಲ್ಲೇ ಕಳಿಸುತ್ತಿದ್ದ. ಆಮೇಲೆ ಅದೇ ಮಾತು, ಇದೊಂದು ಮುಗಿಸಿಕೊಡು ಪುಟ್ಟಿ.

ಯಾರೂ ಬೀಗ ಹಾಕಿರಲಿಲ್ಲ. ಆದರೂ ಅವಳು ಶಟರಿನ ಅಂಚಿಗೆ ಬಂದು ಬೀದಿ ನೋಡಿ ಒಳಗೆ ತಿರುಗುತ್ತಿದ್ದಳು. ಸರಪಳಿಯನ್ನಂತೂ ಅಂದಿನಿಂದ ಮುಟ್ಟಿರಲಿಲ್ಲ. ಪಕ್ಕದ ಟೈರು ಅಂಗಡಿಯವನು ಬಂದು ಎಳೆದುಕೊಡುತ್ತಿದ್ದ.

ಜೇನಿನವನು ದಿನಾ ಬೆಳಿಗ್ಗೆ ಬರುತ್ತಿದ್ದ. ಕೆಲಸ ನೋಡುವ ನೆಪ. ಮೆಲ್ಲಗೆ ಮಾತಾಡುವ ಅಭ್ಯಾಸ ಅವನಿಗೆ, ಗದ್ದಲ ಮಾಡಿದರೆ ಹುಳಗಳಿಗೆ ಸಿಟ್ಟು ಬರುತ್ತದಂತೆ. ಬೆಟ್ಟದ ಮೇಲೆ ಅಕ್ಕನ ಮನೆಯಿದೆ, ಅಲ್ಲಿಂದ ನೋಡಿದರೆ ಇಳಿಜಾರೆಲ್ಲ ನೇರಳೆ ಹೂವು ಎಂದು ಹೇಳುತ್ತಿದ್ದ. ಡಬ್ಬಿಯಲ್ಲಿ ಜೇನು ತುಂಬಿದ ಮೇಣದ ಹಲ್ಲೆಯ ತುಂಡು ತಂದು ಲೇತಿನ ಪಕ್ಕ ಇಟ್ಟು ಹೋಗುತ್ತಿದ್ದ. ಗ್ರೀಸಿನ ಕೈಯಲ್ಲಿ ಹೇಗೆ ತಿನ್ನಲಿ ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, ಡೀಸೆಲ್ ಜೇನು ಅಂತ ಮಾರಿದರೆ ಹೊಸ ರುಚಿ ಅಂತ ಜನ ಕೊಳ್ಳುತ್ತಾರೆ ಬಿಡಿ ಎಂದಿದ್ದ. ಅವಳು ನಕ್ಕಳು. ಒಳಗೆ ಒಗ್ಗರಣೆ ಹಾಕುತ್ತಿದ್ದ ಅತ್ತಿಗೆ ಸೌಟು ನಿಲ್ಲಿಸಿ ಕೇಳಿಸಿಕೊಂಡಳು. ಆ ಮನೆಯಲ್ಲಿ ಆ ನಗು ಕೇಳಿ ಬಹಳ ದಿನವಾಗಿತ್ತು.

ಅವನ ಪೆಟ್ಟಿಗೆಗಳಿದ್ದ ಕಣಿವೆಯ ಹೂವು ಮುಗಿಯುತ್ತಾ ಬಂದಿತ್ತು. ಪ್ಲೇಟು ಕೂತ ಕೂಡಲೇ ಹೊರಡಬೇಕು ಎಂದು ಅವನು ಹೇಳಿದ ದಿನ ಪ್ಲೇಟು ಆಗಲೇ ಮುಗಿದಿತ್ತು.

ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಕನ್ನಡಿಯಂತೆ ಹೊಳೆಯುವ ಮುಖ, ಒಂದು ತೂತೂ ತಪ್ಪಿಲ್ಲ. ಅಪ್ಪ ನೋಡಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದ.

'ಇದನ್ನು ಬೋಲ್ಟ್ ಮಾಡಿದರೆ ಅವನು ಹೋಗುತ್ತಾನೆ... ನಾನು ಇಲ್ಲೇ.'

ಹಳೆಯ ಬಟ್ಟೆಯಲ್ಲಿ ಸುತ್ತಿ ಲೇತಿನ ಕೆಳಗಿನ ತಟ್ಟೆಯ ಹಿಂದೆ ತಳ್ಳಿಬಿಟ್ಟಳು. ಮರುದಿನ, ಅಳತೆ ತಪ್ಪಿತು, ಇನ್ನೊಂದು ಕೊರೆಯಬೇಕು ಎಂದಳು. ಅವನು ತಲೆಯಾಡಿಸಿದ.

ಅಂದಿನಿಂದ ಲೇತ್ ಖಾಲಿ ತಿರುಗಿತು. ಮುಂದೆ ಶಟರಿನ ಹತ್ತಿರ ಕೂತ ಅಣ್ಣನಿಗೆ ಸದ್ದು ಕೇಳಿದರೆ ಸಾಕು, ನೆಮ್ಮದಿ. ಅವಳಿಗೆ ಮಾತ್ರ ಬಾಯಿ ಕಟ್ಟಿತು. ಪದ್ಯದಲ್ಲಿ ದೇವರ ಹೆಸರಿತ್ತು, ಅದನ್ನು ಸುಳ್ಳಿಗೆ ತಾಳ ಮಾಡಲು ನಾಲಿಗೆ ಒಪ್ಪಲಿಲ್ಲ.

ದಿನ ಕಳೆದಂತೆ ಜೇನಿನವನೂ ಮಾತು ಕಡಿಮೆ ಮಾಡಿದ. ಬರುತ್ತಿದ್ದ, ಲೇತ್ ಕಡೆ ಕಿವಿಗೊಟ್ಟು ಸ್ವಲ್ಪ ನಿಲ್ಲುತ್ತಿದ್ದ, ಹೋಗುತ್ತಿದ್ದ. ಮೇಸ್ತ್ರಿಗಳೇ ಎಂಬ ಕರೆಯೂ ನಿಂತಿತು. ಒಮ್ಮೆ ಅವನು ಶಟರಿನ ಹತ್ತಿರ ಅಣ್ಣನ ಜೊತೆ ತಗ್ಗಿದ ದನಿಯಲ್ಲಿ ಏನೋ ಮಾತಾಡಿ, ಮುಖ ಸಣ್ಣ ಮಾಡಿಕೊಂಡು ಹೋದದ್ದನ್ನು ಅವಳು ಕಂಡಳು.

'ಬೇಸತ್ತಿದ್ದಾನೆ. ಬೇರೆ ಗ್ಯಾರೇಜಿಗೆ ಒಯ್ಯುವ ಮಾತಿರಬೇಕು...'

ಆಮೇಲೊಂದು ಬೆಳಿಗ್ಗೆ ಅವನು ಬಂದು ಲೇತಿನ ಪಕ್ಕ ಡಬ್ಬಿ ಇಟ್ಟ. ಅವಳು ಮುಚ್ಚಳ ತೆಗೆದಳು. ಒಳಗೆ ಹಲ್ಲೆಯಿರಲಿಲ್ಲ. ಸತ್ತ ಜೇನುಹುಳಗಳು, ಒಣಗಿದ ಎಳ್ಳಿನ ಹಾಗೆ ಹಗುರ.

ಹೂವು ಮುಗಿದ ಮೇಲೆ ಸಕ್ಕರೆ ನೀರು ಇಟ್ಟಿದ್ದನಂತೆ. ಮಿಕ್ಕ ಪೆಟ್ಟಿಗೆಗಳು ಹೇಗೋ ತಡೆದುಕೊಂಡಿವೆ, ಬಡಪಾಯಿ ಪೆಟ್ಟಿಗೆ ಒಂದು ತಡೆಯಲಿಲ್ಲವಂತೆ. ಅಷ್ಟು ಹೇಳಿ ಅವನು ಗೋಡೆಗೊರಗಿ ನಿಂತ.

ಅವಳು ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. ತನ್ನನ್ನು ಕಟ್ಟಿಹಾಕಿದ್ದಾರೆ ಎಂದು ದಿನಾ ಕೊರಗುವವಳು ತಾನು. ಹೊಳೆ ದಾಟಿ ಬೆಟ್ಟ ಹತ್ತಬೇಕಾದವನನ್ನು ಕಟ್ಟಿಹಾಕಿದವಳೂ ತಾನೇ. ಅಣ್ಣನಿಗಾದರೂ ಕೈ ಹೋದ ನೆಪವಿತ್ತು...

ಬಗ್ಗಿ ತಟ್ಟೆಯ ಹಿಂದೆ ಕೈಹಾಕಿ ಬಟ್ಟೆಗಂಟು ಎಳೆದಳು. ಈ ಸಲ ಸರಿಯಾಗಿದೆ ಎಂದಳು, ಅವನ ಕಣ್ಣು ತಪ್ಪಿಸಿ. ಪ್ಲೇಟನ್ನು ಡೀಸೆಲ್ ಇಂಜಿನ್ನಿಗೆ ಬೋಲ್ಟ್ ಮಾಡಿದಳು. ಟೈರು ಅಂಗಡಿಯ ಬಾಗಿಲು ಮುಚ್ಚಿತ್ತು. ಅವಳು ಕಾಯಲಿಲ್ಲ. ಸರಪಳಿಗೆ ಕೈಹಾಕಿದಳು.

ಮುಂದೆ ಕೂತಿದ್ದ ಅಣ್ಣ ಎದ್ದು ನಿಂತ.

ಪೆಟ್ರೋಲಿನದಕ್ಕಿಂತ ಎಷ್ಟೋ ಭಾರದ ಇಂಜಿನ್ ತೊಲೆಯಡಿ ತೂಗುತ್ತಾ ಜೀಪಿನ ಹೊಂಡಕ್ಕೆ ಇಳಿಯತೊಡಗಿತು. ಪ್ಲೇಟಿನ ತೂತು ಗೇರ್‌ಬಾಕ್ಸಿಗೆ ಸೇರಬೇಕು, ಯಾರಾದರೂ ಕೆಳಗೆ ಕೈಕೊಟ್ಟು ತಿರುಗಿಸಲೇಬೇಕು. ಜೇನಿನವನು ಎರಡೂ ಕೈ ಚಾಚಿದ. ಅಣ್ಣನ ಕೈ ಅಂದು ಇದ್ದ ಜಾಗಕ್ಕೇ.

"ಕೈ ತೆಗೀರಿ," ಎಂದಳು. "ಬೇಡ. ದಯವಿಟ್ಟು ತೆಗೀರಿ."

"ನೀವು ಹಿಡಿದಿದೀರಲ್ಲ."

"ಅದಕ್ಕೇ ಹೇಳ್ತಿರೋದು."

"ಪದ್ಯ ಹೇಳಿ," ಎಂದ ಅವನು, ಕೈ ತೆಗೆಯದೆ. "ಬಹಳ ದಿನ ಆಯ್ತು ಕೇಳಿ."

ಅವಳು ಕಣ್ಣು ಮುಚ್ಚಿದಳು. ಮೊದಲ ಸಾಲು ತಡವರಿಸಿ ಬಂತು, ಎರಡನೆಯದು ಹರಿಯಿತು. ಸಾಲು ನಡೆದ ಹಾಗೆ ಕೊಂಡಿ ಕೊಂಡಿಯಾಗಿ ಸರಪಳಿ ಅವಳ ಅಂಗೈಯಲ್ಲಿ ಸರಿಯಿತು. ಇಂಜಿನ್ ಇಳಿಯಿತು, ಇನ್ನಷ್ಟು ಇಳಿಯಿತು, ಉಕ್ಕು ಉಕ್ಕನ್ನು ಮುಟ್ಟಿ ಟಕ್ಕೆಂದಿತು. ಕಣ್ಣು ಬಿಟ್ಟರೆ ಅವನ ಹತ್ತೂ ಬೆರಳು ಅವಳ ಮುಂದೆ ಬಿಚ್ಚಿಕೊಂಡಿದ್ದವು. ಎಲ್ಲವೂ ಮಡಚುತ್ತಿದ್ದವು.

ಅಣ್ಣ ಸದ್ದಿಲ್ಲದೆ ಒಳಗೆ ಹೋದ.

ಪೈಪು, ತಂತಿ, ಮುಂದಿನ ಸ್ಪ್ರಿಂಗಿಗೆ ಹೊಸ ಭಾರ ಹೊರಲು ಹೆಚ್ಚುವರಿ ಪಟ್ಟಿ, ಎಲ್ಲ ಮುಗಿಸಲು ಇನ್ನೂ ಕೆಲವು ದಿನ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ ಇಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ದಪ್ಪ ದನಿಯಲ್ಲಿ ಒಂದೇ ಸಮ ಮಾತಾಡತೊಡಗಿತು. ಅವನು ಜೀಪನ್ನು ಬೀದಿಗೆ ತಂದು ನಿಲ್ಲಿಸಿ ಇಂಜಿನ್ ಆರಿಸಿದ. ಓಣಿ ಬಿಡುವಾಯಿತು. ಬಿಸಿಲು ಗ್ಯಾರೇಜು ದಾಟಿ ಅಡುಗೆಮನೆಯ ಹೊಸ್ತಿಲವರೆಗೂ ಬಂದು ಬಿತ್ತು. ಅತ್ತಿಗೆ ನೇರವಾಗಿ, ಸೊಂಟ ಬೀಸಿಕೊಂಡು ನಡೆದು ಬಂದು ಗಾಡಿಗೊಂದು ನಮಸ್ಕಾರ ಹಾಕಿದಳು.

ಅವಳು ಜೀಪಿನ ಬಾಗಿಲ ಬಳಿ ಹೋಗಿ ನಿಂತಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಪ್ಲೇಟು ಮೊದಲನೇ ಸಲವೇ ಸರಿ ಬಂದಿತ್ತು. ನಾನು ಬಚ್ಚಿಟ್ಟಿದ್ದೆ. ನಿಮ್ಮ ಹುಳ ಸತ್ತದ್ದು ನನ್ನಿಂದ."

"ಗೊತ್ತು."

ಅವಳು ತಲೆಯೆತ್ತಿದಳು.

"ಲೇತ್ ಓಡ್ತಿತ್ತು, ನಿಮ್ಮ ಪದ್ಯ ಇರಲಿಲ್ಲ," ಎಂದ. "ಪೆಟ್ಟಿಗೆಗೆ ಕಿವಿಯಿಟ್ಟು ಬದುಕೋನು ನಾನು. ಒಳಗೆ ಕೆಲಸ ನಡೀತಿದೆಯೋ ಇಲ್ವೋ ಅಂತ ಸದ್ದಲ್ಲೇ ಗೊತ್ತಾಗುತ್ತೆ."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀವು ಕೊಡ್ತಿದ್ರಿ. ನಾನು ಹೋಗಬೇಕಾಗ್ತಿತ್ತು." ಸ್ಟಿಯರಿಂಗಿನ ಮೇಲಿದ್ದ ಕೈಯನ್ನೇ ನೋಡುತ್ತಾ ಹೇಳಿದ. "ಆ ಪೆಟ್ಟಿಗೆ ಇಬ್ಬರ ಲೆಕ್ಕಕ್ಕೂ ಸೇರಿದ್ದು. ನಿಮ್ಮ ಮುಖ ನೋಡೋಕೆ ನನಗೆ ಆಗಿರಲಿಲ್ಲ."

ಹಾಗಾದರೆ ಆ ಮೌನ ಸಿಟ್ಟಿನದಾಗಿರಲಿಲ್ಲ...

ಅವನು ಅಣ್ಣನ ಹತ್ತಿರ ಮಾತಾಡಿದ್ದೂ ಅವಳ ವಿಷಯವೇ ಅಂತೆ. ಅವಳು ಈ ಹೊಸ್ತಿಲು ಬಿಟ್ಟು ಎಲ್ಲೂ ಹೋಗುವುದಿಲ್ಲ, ತಾನಾಗಿ ಆಣೆ ಮಾಡಿದ್ದಾಳೆ ಎಂದಿದ್ದನಂತೆ ಅಣ್ಣ.

"ಆಣೆ ಮಾಡಿದೀರಾ?"

"ನನ್ನನ್ನ ಯಾರೂ ಕೇಳೇ ಇಲ್ಲ."

"ನಾನು ಕೇಳ್ತೀನಿ." ಅವನು ಪಕ್ಕದ ಸೀಟಿನ ಮೇಲಿದ್ದ ಟೋಪಿಯನ್ನು ತೆಗೆದು ಹಿಂದಕ್ಕೆ ಹಾಕಿದ. "ಅಕ್ಕನ ಮನೇಲಿ ಒಂದು ಕೋಣೆ ಖಾಲಿ ಇದೆ. ಮೇಲಿನ ಊರಲ್ಲಿ ಗಾಡಿ ಕೆಟ್ಟರೆ ನೋಡೋರಿಲ್ಲ. ಮದುವೆ ಮಾತು ನಿಮಗೆ ಬೇಕು ಅನ್ನಿಸಿದಾಗ. ಬರ್ತೀರಾ, ಮೇಸ್ತ್ರಿಗಳೇ?"

"ದಾರೀಲಿ ಹೊಳೆ ಇದೆಯಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತಾ. "ನಾನು ಮಾಡಿದ ಕೆಲಸ ನಿಲ್ಲದೆ ದಾಟುತ್ತೋ ಇಲ್ವೋ, ನಾನೇ ಕೂತು ನೋಡಬೇಕು."

ಅತ್ತಿಗೆ ಆಗಲೇ ಒಳಗಿನಿಂದ ಒಂದು ಚೀಲ ತಂದಿದ್ದಳು. ಬಟ್ಟೆಯ ಮೇಲೆ ಅಪ್ಪನ ಅಳತೆಕಡ್ಡಿಯನ್ನೂ ಇಟ್ಟಿದ್ದಳು. ನೀನು ಜ್ವರದಲ್ಲಿ ಮಲಗಿದ್ದಾಗ ನಿಮ್ಮಣ್ಣ ಎಡಗೈಯಲ್ಲೇ ಲೇತ್ ತಿರುಗಿಸಿ ಕೆಲಸ ಮುಗಿಸಿದ್ದರು, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅವಳ ಕಿವಿಯಲ್ಲಿ ಹೇಳಿ ಪಕ್ಕಕ್ಕೆ ಸರಿದಳು.

ಅಣ್ಣ ಶಟರಿನ ಕೆಳಗೆ ಬಂದು ನಿಂತಿದ್ದ. ಚೀಲ ನೋಡಿದ, ಜೀಪು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳೆದುರು ಬಲಗೈಯನ್ನು ಜೇಬಿನಿಂದ ಹೊರತೆಗೆದ. ಸೆಟೆದ ಬೆರಳುಗಳನ್ನು ಅವಳ ಕಡೆಗೆ ಚಾಚಿದ.

"ಒಂದು ಲಾರಿ ಕೆಲಸ ಒಪ್ಕೊಂಡುಬಿಟ್ಟಿದೀನಿ. ಇದೊಂದು ಮುಗಿಸಿಕೊಟ್ಟು ಹೋಗು ಪುಟ್ಟಿ. ಇದೊಂದೇ."

ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಬಗ್ಗಿ, ಮಡಚದ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಮೆಲ್ಲಗೆ ಬಿಟ್ಟಳು.

"ಇಲ್ಲ ಅಣ್ಣಾ. ಮಾಡಿಕೊಡಲ್ಲ."