ಅಲೆಯ ಎಡಮೂಲೆಯಲ್ಲಿ ಒಬ್ಬಳು

"ಅಲೆ ಏಳುತ್ತದೆ. ನಗರ ಮುಳುಗುತ್ತದೆ... ಇಷ್ಟೇನಾ?!"

ಬಾಗಿಲು ತಟ್ಟುವ ಸೌಜನ್ಯವೂ ಇಲ್ಲದೆ ರೆಕಾರ್ಡಿಂಗ್ ಕೋಣೆಗೆ ನುಗ್ಗಿದವನು ಕೇಳಿದ. ಕುತ್ತಿಗೆಯಲ್ಲಿ ಗ್ರಾಫಿಕ್ಸ್ ಸ್ಟುಡಿಯೋದ ಗುರುತಿನ ಚೀಟಿ, ಕಣ್ಣ ಕೆಳಗೆ ಕಪ್ಪು, ಬಿರುಬೇಸಿಗೆಯಲ್ಲೂ ಮೈಮೇಲೊಂದು ಸ್ವೆಟರ್.

ಅವಳು ಮೈಕಿನ ಮುಂದಿನಿಂದ ಏಳಲಿಲ್ಲ. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟೇ."

"ಆ ಅಲೆಗೋಸ್ಕರ ನಾವು ಎರಡು ವರ್ಷ ಕೂತಿದ್ವಿ ಮೇಡಂ! ನೊರೆ, ಹನಿ, ಗಾಜಿನ ಮೇಲೆ ಬೀಳೋ ನೆರಳು... ಎಲ್ಲಾ ಕೈಯಲ್ಲಿ ಮಾಡಿದ್ದು. ನೀವು ಒಂದು ಸಾಲಲ್ಲಿ ಮುಗಿಸಿಬಿಟ್ರಾ?"

"ಓಹೋ... ಆ ನೀರು ನಿಮ್ದಾ?"

"ನಂದೇ!"

ಅವಳ ಮನಸ್ಸಿನಲ್ಲಿ ಅವನಿಗೆ ಅಲ್ಲೇ ನಾಮಕರಣವಾಯಿತು. ನೀರಿನವನು!

ಅವಳ ಕೆಲಸವೇ ಅಂಥದ್ದು. ಕಣ್ಣು ಕಾಣದ ಪ್ರೇಕ್ಷಕರಿಗೆ ಸಿನಿಮಾ ಹೇಳುವುದು. ಪಾತ್ರಗಳು ಮಾತಾಡುವಾಗ ಬಾಯಿ ಬಿಡುವಂತಿಲ್ಲ. ಮಾತು ನಿಂತ ಸಂದಿಯಲ್ಲಿ, ಪರದೆಯ ಮೇಲೆ ನಡೆಯುವುದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ಅವಳು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡೊಂದಿತ್ತು: ಪರದೆಯ ಮೇಲೆ ಇಲ್ಲದ್ದನ್ನು ಹೇಳಬಾರದು. ಅವಳ ಸುಳ್ಳನ್ನು ಕೇಳುಗರು ಹಿಡಿಯಲಾರರು. ಹಿಡಿಯಲಾರರು ಎಂಬ ಕಾರಣಕ್ಕೇ ಹೇಳಬಾರದು!

"ಕೂತ್ಕೊಳ್ಳಿ" ಎಂದು ಹೆಡ್‌ಫೋನ್ ಅವನತ್ತ ಚಾಚಿದಳು. "ಕಣ್ಣು ಮುಚ್ಚಿ. ನಿಮ್ಮ ಸಿನಿಮಾ ನೀವೇ ಕೇಳಿ."

ಅವನು ಸವಾಲಿಗೆ ಬಿದ್ದವನಂತೆ ಕಣ್ಣು ಮುಚ್ಚಿದ.

ಧಡ್! ಧಡಾರ್! ಗಾಜು ಒಡೆಯಿತು. ಜನ ಕಿರುಚಿದರು. ನಾಯಕ "ಬಿಡಲ್ಲ!" ಎಂದು ಗರ್ಜಿಸಿದ. ಮತ್ತೆ ಧಡಾರ್. ಮತ್ತೆ "ಬಿಡಲ್ಲ!"

"ಯಾರು ಯಾರನ್ನ ಬಿಡಲ್ಲ?" ಅವಳು ಕೇಳಿದಳು.

"ಅದು... ಅಂದ್ರೆ ನಾಯಕ..."

"ಯಾರು ಮುಳುಗಿದ್ರು? ಯಾರಿಗೋಸ್ಕರ ನಾವು ಅಳ್ಬೇಕು?"

ಅವನು ಕಣ್ಣು ತೆರೆದ.

"ಒಂದಿಡೀ ಊರು ಮುಳುಗಿಸ್ತೀರ. ಆ ಊರಲ್ಲಿ ಒಬ್ಬರ ಮುಖಾನೂ ನಮಗೆ ಗೊತ್ತಿಲ್ಲ. ನಿಮ್ಮ ನೀರು ಸುಳ್ಳಲ್ಲ ಸಾರ್, ಚೆನ್ನಾಗೇ ಇದೆ. ಅದು ಯಾರ ಮೇಲೂ ಬೀಳ್ತಿಲ್ಲ... ಅಷ್ಟೇ!"

ಅವನ ಮುಖ ಕೆಂಪೇರಿತು. ಹೆಡ್‌ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಎಸೆಯುತ್ತಾನೆ ಎಂದುಕೊಂಡಿದ್ದ ಅವಳಿಗೆ ಆ ಮೆತ್ತಗಿನ ಕೈ ಯಾಕೋ ಚುಚ್ಚಿತು.

ಬಾಗಿಲ ಬಳಿ ಅವನು ತಿರುಗಿ ನಿಂತ. "ಯಾರೂ ಇಲ್ಲ ಅಂದ್ರಲ್ಲ... ಎಲ್ಲರಿಗೂ ನೋಡೋದು ಕಲಿಸೋರು ನೀವು. ನೀವೇ ಸರಿಯಾಗಿ ನೋಡಿಲ್ಲ."

ಹೊರಟೇ ಹೋದ!

*ಎಷ್ಟು ಕೊಬ್ಬು ಇವನಿಗೆ!* ಆದರೆ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತು. ಅವಳು ಆ ದೃಶ್ಯವನ್ನು ಮತ್ತೆ ಹಾಕಿದಳು. ನಿಧಾನವಾಗಿ, ಒಂದೊಂದೇ ಚಿತ್ರ. ಅಲೆಯನ್ನು ಬಿಟ್ಟು ಅಲೆ ಇಲ್ಲದ ಕಡೆಯೆಲ್ಲ ಹುಡುಕಿದಳು.

ಎಡಮೂಲೆ. ತೀರಾ ಕೆಳಗೆ. ಹೆಬ್ಬೆರಳಿನ ಉಗುರಿನಷ್ಟು ಜಾಗ.

ಹಳೆಯ ವಠಾರವೊಂದರ ಮಹಡಿ. ಎಲ್ಲರೂ ಮೆಟ್ಟಿಲ ಕಡೆ ಓಡುತ್ತಿದ್ದಾರೆ. ಒಬ್ಬ ಹೆಂಗಸು ಮಾತ್ರ ಹಿಂದಕ್ಕೆ ಬರುತ್ತಾಳೆ. ಪಕ್ಕದ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ. ಕೈಯಲ್ಲಿದ್ದ ಏನನ್ನೋ ಎತ್ತಿ ಬೀಗಕ್ಕೆ ಬಡಿಯುತ್ತಾಳೆ. ನೋಡುತ್ತಿದ್ದವಳು ಚಿತ್ರವನ್ನು ಹಿಗ್ಗಿಸಿದಳು.

ಇಸ್ತ್ರಿಪೆಟ್ಟಿಗೆ! ಅದರ ವೈರು ಕೂಡ ತೂಗಾಡುತ್ತಿದೆ!

ಬೀಗ ಒಡೆಯುತ್ತದೆ. ಒಳಗಿನಿಂದ ಒಬ್ಬ ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡು ಅವಳು ಮೆಟ್ಟಿಲು ಹತ್ತುತ್ತಾಳೆ. ಆಮೇಲೆ ಅಲೆ ಬರುತ್ತದೆ.

ಕೋಟಿಗಟ್ಟಲೆ ಸುರಿದ ಆ ಸಿನಿಮಾದಲ್ಲಿ ನೋಡುತ್ತಿದ್ದವಳ ಕಣ್ಣು ತೇವವಾದದ್ದು ಅದೊಂದೇ ಸಲ.

*ಯಾರೂ ಕೇಳದೆ ಇದನ್ನ ಮಾಡಿದಾನೆ. ಯಾರೂ ನೋಡಲ್ಲ ಅಂತ ಗೊತ್ತಿದ್ದೂ ವೈರನ್ನೂ ಚಿತ್ರಿಸಿದಾನೆ... ಎಂಥ ಮನುಷ್ಯ ಇವನು?*

ಮನೆಗೆ ಹೋದವಳೇ ಅಕ್ಕನ ಮುಂದೆ ಎಲ್ಲವನ್ನೂ ಹೇಳಿದಳು. ಅಕ್ಕ ಕಾಲೇಜಿನಲ್ಲಿ ಚರಿತ್ರೆ ಕಲಿಸುವವಳು. ಹುಟ್ಟಿನಿಂದ ಕಣ್ಣಿಲ್ಲ, ನಾಲಿಗೆ ಮಾತ್ರ ಇಬ್ಬರಿಗಾಗುವಷ್ಟಿದೆ.

"ಇಸ್ತ್ರಿಪೆಟ್ಟಿಗೆನಾ?" ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. "ಇದು ಸಿನಿಮಾ! ಆ 'ಬಿಡಲ್ಲ' ಅನ್ನೋನು ಬರೀ ಗಂಟಲು. ಅಂದ ಹಾಗೆ ಮರೀ... ಆ ನೀರಿನವನ ವಿಷಯ ಹೇಳುವಾಗ ನಿನ್ನ ದನಿ ಯಾಕೆ ತೆಳ್ಳಗಾಗ್ತಿದೆ?"

"ಥೂ, ಸುಮ್ನಿರಕ್ಕಾ!"

ಮುಂದಿನ ತಾಲೀಮಿನಲ್ಲಿ ಅವಳು ಅಲೆಯ ಜಾಗದಲ್ಲಿ ಆ ಹೆಂಗಸನ್ನು ಹೇಳಿದಳು. ಹೇಳುವಾಗ ಹಿಂದಿನ ಸೋಫಾದಲ್ಲಿ ನಿರ್ಮಾಪಕರು ಬಂದು ಕೂತದ್ದು ಅವಳಿಗೆ ಗೊತ್ತಾಗಲಿಲ್ಲ.

"ಏಯ್, ನಿಲ್ಸಿ! ಯಾವ ಹೆಂಗಸಮ್ಮಾ ಅದು? ನನ್ನ ಸಿನಿಮಾದಲ್ಲಿ ಅಂಥ ಹೆಂಗಸೇ ಇಲ್ಲ!"

"ಇದಾಳೆ ಸರ್. ಎಡಗಡೆ..."

ಬಾಯಿಂದ ಬಿದ್ದ ಮೇಲೆ, ಹೇಳಬಾರದಿತ್ತೆಂದು ಅವಳಿಗೆ ಅರಿವಾಯಿತು. ಆದರೆ ಅಷ್ಟರಲ್ಲಿ ಅವರು ಪರದೆಯ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿಯಾಗಿತ್ತು.

"ಯಾರು ಹಾಕಿದ್ದು ಇದನ್ನ?"

ಅವಳು ತುಟಿ ಬಿಗಿದಳು.

"ನಾನು ಅಲೆಗೆ ದುಡ್ಡು ಕೊಟ್ಟಿದೀನಿ, ಇಸ್ತ್ರಿಪೆಟ್ಟಿಗೆಗಲ್ಲ! ಅಳಿಸೋಕೆ ಹೇಳ್ತೀನಿ. ನೀನು ಹೀಗೆ ಹೇಳು: 'ಅದ್ಭುತ! ರೋಮಾಂಚನ! ಕಣ್ಣು ನಂಬಲಾರದ ದೃಶ್ಯ!' ಜನಕ್ಕೆ ಬೇಕಾಗಿರೋದು ಅದು. ಕತೆ ಯಾರಿಗಮ್ಮಾ ಬೇಕು?"

ಅವಳು ನೇರವಾಗಿ ಗ್ರಾಫಿಕ್ಸ್ ಸ್ಟುಡಿಯೋಗೆ ಓಡಿದಳು.

ಕಿಟಕಿಯಿಲ್ಲದ ಹಾಲ್. ಯಂತ್ರಗಳು ಬಿಸಿಯಾಗದಿರಲೆಂದು ಮನುಷ್ಯರನ್ನು ನಡುಗಿಸುವ ಎಸಿ. ಸಾಲುಸಾಲು ಪರದೆಗಳ ಮುಂದೆ ಸ್ವೆಟರ್ ತೊಟ್ಟ ಬೆನ್ನುಗಳು. ಒಬ್ಬ ಬೆಟ್ಟ ಒಡೆಯುತ್ತಿದ್ದ, ಒಬ್ಬಳು ವಿಮಾನಕ್ಕೆ ಬೆಂಕಿ ಹಚ್ಚುತ್ತಿದ್ದಳು. ಇಂಥವರ ಬೆನ್ನುನೋವಿನ ಮೇಲೆ ನಿಂತು ಗರ್ಜಿಸುವ ನಾಯಕರಿಗೆ ಇವರ ಮುಖ ಗೊತ್ತೇ?

ಅವನು ಅವಳನ್ನು ಕಂಡು ಕುರ್ಚಿಯಿಂದ ಎದ್ದ. ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು.

"ಸಂತೋಷ ಆಯ್ತಾ ಮೇಡಂ? ಚಾಡಿ ಹೇಳಿ ಬಂದ್ರಾ?"

"ಚಾಡಿನಾ?! ನಾನು ನಿಮ್ಮ ವಿಷಯ ಒಂದಕ್ಷರ ಎತ್ತಿಲ್ಲ!"

"ನೀವೇ ತೋರಿಸಿದ್ದು ಅಂದ್ರು. ಸುಳ್ಳಾ?"

"ಹೌದು, ತೋರಿಸ್ದೆ! ನೋಡಿದ್ದನ್ನ ಹೇಳೋದೇ ನನ್ನ ಕೆಲಸ."

"ಹಾಗಾದ್ರೆ ಕೆಲಸ ಚೆನ್ನಾಗಿ ಮಾಡಿದೀರ. ನಾಡಿದ್ದು ಪ್ರದರ್ಶನ. ಅಷ್ಟರೊಳಗೆ ಅವಳನ್ನ ನಾನೇ ಅಳಿಸಬೇಕಂತೆ... ನನ್ನ ಕೈಯಿಂದಲೇ!"

ಅವನ ದನಿ ಒಡೆಯಿತು. ಅವಳ ಕೋಪಕ್ಕೂ ಅಳುವಿಗೂ ನಡುವೆ ಕೂದಲೆಳೆಯಷ್ಟೇ ಜಾಗ ಉಳಿದಿತ್ತು. ಅವಳು ಕೋಪವನ್ನೇ ಆರಿಸಿಕೊಂಡಳು.

"ಈ ಸಿನಿಮಾದಲ್ಲಿ ಕತೆ ಇಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅದಕ್ಕೇ ತಾನೇ ಅವಳನ್ನ ಹಾಕಿದ್ದು? ಗೊತ್ತಿದ್ದೂ ಯಾಕೆ ಮೂಲೆಯಲ್ಲಿ ಬಚ್ಚಿಟ್ರಿ? ಹೆದರ್ಕೊಂಡು! ಅಳಿಸೋಕೂ ಹೆದರ್ಕೊಂಡೇ ಹೋಗ್ತೀರ. ಅವಳಿಗಿದ್ದ ಧೈರ್ಯದಲ್ಲಿ ಚೂರು... ಚೂರಾದ್ರೂ ನಿಮಗೆ ಇದ್ದಿದ್ರೆ!"

ಬೆಟ್ಟ ಒಡೆಯುತ್ತಿದ್ದವನು ಕೈ ನಿಲ್ಲಿಸಿದ. ವಿಮಾನದ ಬೆಂಕಿ ನಿಂತಿತು. ಅವಳು ತಿರುಗಿ ನೋಡದೆ ಹೊರನಡೆದಳು.

*ಹೀಗಂದುಬಿಟ್ಟೆನಲ್ಲಾ... ಇನ್ನು ಅವನು ನನ್ನ ಮುಖವನ್ನೂ ನೋಡಲ್ಲ.*

ಪ್ರದರ್ಶನದ ಮಧ್ಯಾಹ್ನ ಬಂತು. ನಿರ್ಮಾಪಕರು ಕಣ್ಣು ಕಾಣದವರಿಗೆಂದೇ ವಿಶೇಷ ಆಟ ಇಟ್ಟಿದ್ದರು. ಅದನ್ನು ಬರೆಯಲೆಂದು ಪತ್ರಕರ್ತರನ್ನೂ ಕರೆದಿದ್ದರು. ದಯೆಗೂ ಒಂದು ಕ್ಯಾಮೆರಾ ಬೇಕಲ್ಲ! ರೆಕಾರ್ಡಿಂಗ್ ಮುಗಿದಿರಲಿಲ್ಲವಾದ್ದರಿಂದ ಅವಳು ಹಿಂದಿನ ಗಾಜಿನ ಗೂಡಿನಲ್ಲಿ ಕೂತು ನೇರವಾಗಿಯೇ ಹೇಳಬೇಕಿತ್ತು. ಮುಂದೆ ಅವರು ಕೊಟ್ಟ ಹಾಳೆ. 'ಅದ್ಭುತ! ರೋಮಾಂಚನ!'

"ಕಣ್ಣು ನಂಬಲಾರದ ದೃಶ್ಯ ಅಂತೆ" ಎಂದು ಬೆಳಿಗ್ಗೆ ಅಕ್ಕ ನಕ್ಕಿದ್ದಳು. "ನನ್ನ ಕಣ್ಣು ಯಾವತ್ತೂ ಏನನ್ನೂ ನಂಬಿಲ್ಲ ಬಿಡು. ನಾನು ನಂಬೋದು ನಿನ್ನ ದನಿನ."

ಆ ಅಕ್ಕ ಈಗ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಹಾಳೆ ಓದಿದರೆ ಕೆಲಸ ಉಳಿಯುತ್ತದೆ. ಓದದೆ ಆ ಹೆಂಗಸಿನ ಕತೆ ಹೇಳೋಣವೆಂದರೆ... ಅವಳು ಅಳಿಸಿಹೋಗಿದ್ದರೆ? ಪರದೆಯ ಮೇಲೆ ಇಲ್ಲದ್ದನ್ನು ಹೇಳುವುದು ಸುಳ್ಳು. ಅಕ್ಕನಿಗೆ ಸುಳ್ಳು ಹೇಳುವುದೇ?

ನಗರ ಬಂತು. ನಾಯಕ "ಬಿಡಲ್ಲ!" ಎಂದ. ಅಲೆ ಮೇಲೆದ್ದಿತು.

ಅವಳು ಎಡಮೂಲೆಯತ್ತ ನೋಡಿದಳು.

ವಠಾರದ ಮಹಡಿಯಲ್ಲಿ... ಒಂದು ದೀಪ!

ಮೊದಲು ಇರಲಿಲ್ಲ ಅದು! ಹಳದಿ ಬಲ್ಬೊಂದು ತೂಗುತ್ತಿತ್ತು. ಅದರ ಬೆಳಕಿನಲ್ಲಿ ಆ ಹೆಂಗಸು ನಿಂತಿದ್ದಳು, ಈಗ ಅಂಗೈಯಷ್ಟು ದೊಡ್ಡವಳಾಗಿ! ಅಳಿಸು ಎಂದವರ ಎದುರಿಗೇ ಅವನು ಅವಳಿಗೆ ದೀಪ ಹಚ್ಚಿಬಿಟ್ಟಿದ್ದ.

ಅವಳ ಕೈ ಹಾಳೆಯನ್ನು ಮಗುಚಿ ಹಾಕಿತು.

"ಎಲ್ಲರೂ ಓಡುತ್ತಿದ್ದಾರೆ. ಮಹಡಿಯ ಮೇಲೆ ಒಬ್ಬ ಹೆಂಗಸು ಹಿಂದಕ್ಕೆ ಬರುತ್ತಾಳೆ. ಪಕ್ಕದ ಮನೆಗೆ ಬೀಗ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ಬೀಗಕ್ಕೆ ಬಡಿಯುತ್ತಾಳೆ. ಅಲೆ ಬೀದಿಗೆ ಬಂತು. ಮತ್ತೆ ಬಡಿಯುತ್ತಾಳೆ..."

"ಬೀಗ ಒಡೀತಾ?" ಕತ್ತಲಲ್ಲಿ ಯಾರೋ ಅಜ್ಜ ಕೂಗಿದರು.

ಅವಳ ಕಟ್ಟುಪಾಡಿನಲ್ಲಿ ಉತ್ತರ ಕೊಡುವುದು ಇರಲಿಲ್ಲ. ಆದರೂ...

"ಒಡೀತು!" ಎಂದಳು.

"ಒಳಗೆ ಯಾರಿದಾರೆ?"

"ಒಬ್ಬ ಅಜ್ಜಿ. ಬೆನ್ನಿಗೆ ಹಾಕ್ಕೊಂಡಳು. ಮೆಟ್ಟಿಲು ಹತ್ತುತ್ತಾಳೆ. ಕೈಯಿಂದ ಇಸ್ತ್ರಿಪೆಟ್ಟಿಗೆ ಬಿತ್ತು. ಅಲೆ... ಅವಳ ಹಿಮ್ಮಡಿ ಮುಟ್ಟಿತು."

ಕಣ್ಣಿದ್ದ ಪತ್ರಕರ್ತರೆಲ್ಲ ಎಡಮೂಲೆಗೆ ಕತ್ತು ಹೊರಳಿಸಿದರು. ಅಷ್ಟು ದೊಡ್ಡ ಅಲೆ ಮೊದಲ ಸಲ ಯಾರೋ ಒಬ್ಬರ ಮೇಲೆ ಬೀಳುತ್ತಿತ್ತು. ನೀರು ಈಗ ನೀರಾಗಿತ್ತು!

ಆಟ ಮುಗಿದಾಗ ಪತ್ರಕರ್ತರು ನಿರ್ಮಾಪಕರನ್ನು ಮುತ್ತಿಕೊಂಡರು. "ಸರ್, ಆ ಹೆಂಗಸು! ಇಡೀ ಸಿನಿಮಾದಲ್ಲಿ ಮನಸ್ಸಿಗೆ ನಾಟಿದ್ದು ಅವಳೊಬ್ಬಳೇ. ಹೇಗೆ ಹೊಳೀತು ಸರ್?"

ನಿರ್ಮಾಪಕರು ಕನ್ನಡಕ ಸರಿಪಡಿಸಿಕೊಂಡರು. ಆಮೇಲೆ ಕ್ಯಾಮೆರಾ ನೋಡಿ ನಕ್ಕರು. "ನೋಡಿ... ಕತೆನೇ ನನಗೆ ಮುಖ್ಯ. ಮೊದಲಿಂದಲೂ!"

ಗಾಜಿನ ಗೂಡಿನ ಬಾಗಿಲಿಗೆ ಬಂದಾಗ ಆ ನಗು ಇರಲಿಲ್ಲ.

"ಹೆಂಗಸು ಇರಲಿ. ನೀನು ಬೇಡ. ನಾಳೆಯಿಂದ ಬರಬೇಡ."

"ಅವಳು ಇದ್ರೆ ಸಾಕು ಸರ್" ಎಂದಳು ಅವಳು. ಚೀಲ ಹೆಗಲಿಗೇರಿಸಿದಳು. ತಲೆ ಬಾಗಿಸಲಿಲ್ಲ.

ಚಿತ್ರಮಂದಿರದ ಹಿಂದಿನ ಮೆಟ್ಟಿಲ ಮೇಲೆ ಅವನು ಕೂತಿದ್ದ. ಕುತ್ತಿಗೆಯಲ್ಲಿ ಗುರುತಿನ ಚೀಟಿ ಇರಲಿಲ್ಲ. ಸ್ವೆಟರೂ ಇರಲಿಲ್ಲ.

"ನಿಮ್ಮನ್ನೂ...?"

"ಅವರು ತೆಗೆಯೋ ಮೊದಲು ನಾನೇ ಕೊಟ್ಟು ಬಂದೆ." ಅವನು ನಕ್ಕ. "ಚೂರು ಧೈರ್ಯ ಬಂತು. ಯಾರೋ ಬೈದಿದ್ರು."

ಅವಳು ಒಂದು ಮೆಟ್ಟಿಲು ಬಿಟ್ಟು ಮೇಲೆ ಕೂತಳು. "ಯಾರು ಅವಳು?"

"ಪಕ್ಕದ ಮನೆಯವಳು. ನಮ್ಮಮ್ಮಂಗೂ ಅವಳಿಗೂ ನಲ್ಲಿ ನೀರಿನ ಜಗಳ. ವರ್ಷಗಟ್ಟಲೆ ಮಾತಿಲ್ಲ. ಅಮ್ಮ ಅಜ್ಜಿನ ಒಳಗಿಟ್ಟು ಬೀಗ ಹಾಕಿ ಕೆಲಸಕ್ಕೆ ಹೋಗ್ತಿದ್ಲು. ನಾನು ಶಾಲೆಗೆ. ಒಂದಿನ ಕೆರೆ ಒಡೀತು..." ಅವನು ಮುಷ್ಟಿ ಎತ್ತಿ ಗಾಳಿಯಲ್ಲಿ ಬಡಿದು ತೋರಿಸಿದ. "ಇಸ್ತ್ರಿಪೆಟ್ಟಿಗೆಯಲ್ಲೇ ಒಡೆದಳು. ಬೇರೇನೂ ಕೈಗೆ ಸಿಗಲಿಲ್ಲವಂತೆ."

"ಆಮೇಲೆ? ಮಾತು ಬಿಟ್ಟವರು ಮಾತಾಡಿದ್ರಾ?"

"ಎಲ್ಲಿ! ಹೊಸ ಬೀಗ ತಂದು ನಮ್ಮ ಹೊಸ್ತಿಲ ಮೇಲಿಟ್ಟು ಹೋದಳು. ಒಡೆದಿದ್ದಕ್ಕೆ. ಅಮ್ಮ ಹೊಸ ಇಸ್ತ್ರಿಪೆಟ್ಟಿಗೆ ತಂದು ಅವಳ ಹೊಸ್ತಿಲ ಮೇಲಿಟ್ಟಳು. ಕೊನೆವರೆಗೂ ಮಾತಾಡಲಿಲ್ಲ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

"ನಾವು ಮಾತಾಡೋಣ" ಎಂದಳು ಮೆಲ್ಲಗೆ. "ಚಾಡಿ ಹೇಳಲಿಲ್ಲ ನಾನು..."

"ಗೊತ್ತು. ಆವತ್ತೇ ಗೊತ್ತಾಯ್ತು. ಚಾಡಿ ಹೇಳೋರು ಅಷ್ಟು ಜೋರಾಗಿ ಬೈಯಲ್ಲ." ಅವನು ಕಣ್ಣು ಮುಚ್ಚಿದ. "ಮೇಡಂ, ಈಗ ನನಗೆ ಏನೂ ಕಾಣ್ತಿಲ್ಲ. ಎದುರಿಗೆ ಏನಿದೆ, ಹೇಳಿ."

ಅವಳು ಎದುರಿಗೆ ನೋಡಿದಳು.

"ಒಂದು ಮೆಟ್ಟಿಲು. ಒಬ್ಬ ಗಂಡಸು... ಕ್ಷೌರ ಮಾಡಿಲ್ಲ. ಕೆಲಸವಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು. ಅವಳಿಗೂ ಕೆಲಸವಿಲ್ಲ."

"ಅವಳಿಗೆ ಅವನನ್ನ ಕಂಡ್ರೆ ಪ್ರೀತಿನಾ?"

"ಪರದೆಯ ಮೇಲೆ ಇಲ್ಲದ್ದನ್ನ ನಾನು ಹೇಳಲ್ಲ."

ಅವನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿದ. ಆ ಕೈ ಗಾಳಿಯಲ್ಲಿ ಹುಡುಕಿತು. ಅವಳು ನಡುವಿನ ಆ ಒಂದು ಮೆಟ್ಟಿಲನ್ನು ಇಳಿದು ಬಂದು, ತನ್ನ ಎರಡೂ ಕೈಗಳಲ್ಲಿ ಅದನ್ನು ಹಿಡಿದುಕೊಂಡಳು.

"ಈಗ... ಇದೆ" ಎಂದಳು.

ಹಿಂದಿನಿಂದ ಕೋಲಿನ ಟಕಟಕ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಏನ್ರೇ ಅಲ್ಲಿ, ಇದ್ದಕ್ಕಿದ್ದಂಗೆ ಮೌನ? ಏನಾಗ್ತಿದೆ ಅಂತ ಯಾರಾದ್ರೂ ಹೇಳಿ!"

ಅವಳು ಅವನ ಮುಖ ನೋಡಿದಳು.

"ಅಲೆ ಏಳ್ತಾ ಇದೆ ಅಕ್ಕಾ."

"ಇಷ್ಟೇನಾ?"

ಈ ಸಲ ಉತ್ತರ ಕೊಟ್ಟವನು ನೀರಿನವನು.

"ಇಷ್ಟೇ ಅಕ್ಕಾ... ಆದರೆ ನಮ್ಮಿಬ್ಬರ ಮೇಲೇ ಬೀಳ್ತಿದೆ!"